ಊರೊಳಗಿದ್ದ ವಿಮಾನ ನಿಲ್ದಾಣ

ಬೆಳ್ಳಂದೂರು ಕೆರೆಯ ನೀರಿನ ಮೇಲೆ ಒಂದು ಕಾಲಕ್ಕೆ ವಿಮಾನಗಳು ಇಳಿಯುತ್ತಿದ್ದವು. ಈ ಮಾತನ್ನು ಇವತ್ತಿನ ಮಕ್ಕಳಿಗೆ ಹೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರು ಕಂಡಿರುವುದು ನೊರೆ ಕಾರುವ ಬೆಳ್ಳಂದೂರನ್ನು. 2015ರಲ್ಲೊಮ್ಮೆ, 2017ರಲ್ಲೊಮ್ಮೆ, 2018ರಲ್ಲಿ ಮತ್ತೊಮ್ಮೆ ಹೊತ್ತಿ ಉರಿದು, ಕೊನೆಗೆ ಸೈನ್ಯದವರು ಬಂದು ಆರಿಸಬೇಕಾದ ಕೆರೆಯನ್ನು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇದೇ ಕೆರೆಗೆ ಕ್ಯಾಟಲಿನಾ ಎಂಬ ಸಮುದ್ರ ವಿಮಾನಗಳು ಬರುತ್ತಿದ್ದವು. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರು ಅಡಿ ಮೀರಿದ ರೆಕ್ಕೆ, ಅದರ ಮೇಲೆ ಎರಡು ಎಂಜಿನ್, ಕೆಳಗೆ ನೀರಿನ ಮೇಲೆ ತೇಲಲೆಂದೇ ಮಾಡಿದ ಒಡಲು. ಸಿಂಹಳದ ಕೊಗ್ಗಲ, ಮದರಾಸಿನ ರೆಡ್‌ಹಿಲ್ಸ್ ಕೆರೆಯಂಥ ನೆಲೆಗಳಿಂದ ಎದ್ದು, ಜಪಾನೀಯರ ಹಡಗು, ಸಬ್‌ಮೆರೀನುಗಳನ್ನು ಅರಸುತ್ತ ಹಿಂದೂ ಮಹಾಸಾಗರದ ಮೇಲೆ ಗಂಟೆಗಟ್ಟಲೆ ಸುತ್ತುತ್ತಿದ್ದ ವಿಮಾನಗಳವು. ಉಪ್ಪುನೀರು ಅವುಗಳ ಮೈ ತಿನ್ನುತ್ತಿತ್ತು, ಎಂಜಿನ್‌ಗಳು ಸವೆಯುತ್ತಿದ್ದವು. ದುರಸ್ತಿಗೆಂದು ಅವು ಕಡಲೇ ಇಲ್ಲದ ಬೆಂಗಳೂರಿಗೆ ಬಂದು, ಗದ್ದೆಗಳಿಗೆ ನೀರುಣಿಸುತ್ತಿದ್ದ ಕೆರೆಯಲ್ಲಿ ಇಳಿದು, ದಡಕ್ಕೆ ಎಳೆಸಿಕೊಂಡು ಕಾರ್ಖಾನೆ ಸೇರುತ್ತಿದ್ದವು.

ಆ ಕಾರ್ಖಾನೆಯ ಪಕ್ಕದ ರನ್‌ವೇಯೇ ಮುಂದೆ ಬೆಂಗಳೂರಿನ ವಿಮಾನ ನಿಲ್ದಾಣವಾಯಿತು. ಸುಮಾರು ಅರುವತ್ತು ವರ್ಷ ನಮ್ಮೂರಿಗೆ ಬರುವವರು, ಊರು ಬಿಟ್ಟು ಹೋಗುವವರು ಅದರ ಮೇಲೆ ಓಡಾಡಿದರು. 2008ರ ಮೇ 23ರ ನಡುರಾತ್ರಿ ಆ ಓಡಾಟ ನಿಂತಿತು. ರನ್‌ವೇ ಮಾತ್ರ ನಿಂತಿಲ್ಲ. ಇವತ್ತಿಗೂ ಅಲ್ಲಿ ತೇಜಸ್ ಯುದ್ಧವಿಮಾನ ಏರುತ್ತದೆ, ಧ್ರುವ್ ಹೆಲಿಕಾಪ್ಟರು ತೂಗುತ್ತದೆ, ಗಣ್ಯರ ವಿಮಾನಗಳು ಇಳಿಯುತ್ತವೆ. ಯುದ್ಧಕಾಲದಲ್ಲಿ ಹೇಗೆ ಗೋಡೆಯೊಳಗೆ ಇತ್ತೋ ಹಾಗೆಯೇ ಮತ್ತೆ ಗೋಡೆಯೊಳಗೆ ಸೇರಿಕೊಂಡಿದೆ. ಹೊರಗೆ ಉಳಿದವರು ನಾವು. ನನಗೆ ನೋವಾಗುವುದು ಇಲ್ಲಿಯೇ. ಸೈನ್ಯದ ನೆಲ ಊರಿನ ನೆಲವಾಗಿ, ಮನೆಮನೆಯ ನೆನಪಿನೊಳಕ್ಕೆ ಬಂದು, ಆಮೇಲೆ ಒಂದು ಕಾಗದದ ಬಲದಿಂದ ನಮ್ಮ ಕೈತಪ್ಪಿತು. ಅದು ನಮ್ಮದಾಗಿತ್ತು ಎಂಬುದನ್ನೂ ಈಗ ಮರೆಯತೊಡಗಿದ್ದೇವೆ.

ಕಾರ್ಖಾನೆ ಹುಟ್ಟಿದ ಕಥೆಯನ್ನು ಬಲ್ಲವರು ಬಹಳ ಜನ ಇದ್ದಾರೆ, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ 1939ರಲ್ಲಿ ಒಂದು ವಿಮಾನ ಪ್ರಯಾಣದಲ್ಲಿ ಅಮೆರಿಕದ ವಿಲಿಯಂ ಪಾಲಿ ಎಂಬಾತ ಸಿಕ್ಕ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ ಅನುಭವ ಅವನದು. ಇಂಡಿಯಾದಲ್ಲಿ ಯಾಕೆ ವಿಮಾನ ಕಟ್ಟಬಾರದು ಎಂಬ ಮಾತು ಬಂತು. ಜಾಗಕ್ಕಾಗಿ ಹುಡುಕುತ್ತಿದ್ದಾಗ ಕೈ ನೀಡಿದವರು ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಪುಕ್ಕಟೆ 700 ಎಕರೆ ನೆಲ, 25 ಲಕ್ಷ ರೂಪಾಯಿ ಬಂಡವಾಳ, ಜೊತೆಗೆ ಶಿವನಸಮುದ್ರದ ವಿದ್ಯುತ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ನಾವೆಲ್ಲ ಎಚ್‌ಎಎಲ್ ಎನ್ನುವ ಸಂಸ್ಥೆ, ನೋಂದಣಿಯಾಯಿತು. ಎಂಟೇ ತಿಂಗಳಲ್ಲಿ, 1941ರ ಆಗಸ್ಟಿನಲ್ಲಿ, ಇಲ್ಲಿ ಜೋಡಿಸಿದ ಮೊದಲ ವಿಮಾನ ಹಾರ್ಲೋ ಮೇಲೆದ್ದಿತು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ. ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ, ಅಲ್ಲಿಯವರೆಗೆ ವಿಮಾನವನ್ನು ಹತ್ತಿರದಿಂದ ನೋಡಿಯೂ ಇರದ ಜನರನ್ನು ಕಟ್ಟಿಕೊಂಡು ಮಾಡಿದ ಕೆಲಸವದು.

ಅಷ್ಟರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದರು. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ಹೊಸ ವಿಮಾನ ಕಟ್ಟುತ್ತ ಕೂರುವುದಕ್ಕಿಂತ ಇರುವ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿಡುವುದು ಮುಖ್ಯವಾಯಿತು. ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಆಡಳಿತ ಅಮೆರಿಕದ ಸೈನ್ಯದ ವಾಯುದಳಕ್ಕೆ ಹೋಯಿತು. ಅವರ ಲೆಕ್ಕದಲ್ಲಿ ಬೆಂಗಳೂರಿನ ಹೆಸರು 84ನೇ ಏರ್ ಡಿಪೋ. ಡಕೋಟಾ, ಬಿ-25 ಮಿಚೆಲ್ ಬಾಂಬರ್, ಕ್ಯಾಟಲಿನಾ, ಇನ್ನೂ ಹತ್ತು ಬಗೆಯ ವಿಮಾನಗಳು, ಅವುಗಳ ಎಂಜಿನ್‌ಗಳು ಇಲ್ಲಿಗೆ ಬಂದು, ಬಿಚ್ಚಿಸಿಕೊಂಡು, ತೊಳೆಸಿಕೊಂಡು, ಮತ್ತೆ ಜೋಡಣೆಯಾಗಿ ಬರ್ಮಾ ಕಡೆಗೆ, ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಹೊರುವ ದಾರಿಗೆ ವಾಪಸಾಗುತ್ತಿದ್ದವು. ಪೂರ್ವದೇಶಗಳಲ್ಲೇ ದೊಡ್ಡ ದುರಸ್ತಿ ಕೇಂದ್ರಗಳಲ್ಲೊಂದು ಎಂಬ ಹೆಸರು ಬಂತು.

ಆ ಹೆಸರಿನ ಹಿಂದಿದ್ದ ಕೈಗಳು ಯಾರವು? ಕೋನೇನ ಅಗ್ರಹಾರ, ವಿಭೂತಿಪುರ, ದೊಡ್ಡನೆಕ್ಕುಂದಿ, ಯಮಲೂರು, ಮಾರತ್ತಹಳ್ಳಿ, ಚಲ್ಲಘಟ್ಟ, ದೊಮ್ಮಲೂರು. ಈ ಊರುಗಳಿಂದ ನಡೆದೋ ಸೈಕಲ್ಲಿನಲ್ಲೋ ಬರುತ್ತಿದ್ದ ಹುಡುಗರು. ದಂಡಿನ ಪ್ರದೇಶದ ತಮಿಳರು, ಆಂಗ್ಲೋ-ಇಂಡಿಯನ್ನರು. ಕೋಲಾರದ ಗಣಿಯಲ್ಲಿ ಯಂತ್ರದ ಕೆಲಸ ಕಲಿತು ಬಂದವರು. ರಿವೆಟ್ ಹೊಡೆಯುವುದು, ತಗಡು ಬಗ್ಗಿಸುವುದು, ಮೈಕ್ರೋಮೀಟರ್ ಹಿಡಿದು ಕೂದಲೆಳೆಯ ವ್ಯತ್ಯಾಸ ಅಳೆಯುವುದನ್ನು ಅವರು ಯುದ್ಧದ ಅವಸರದಲ್ಲಿ ಕಲಿತರು. ಬೆಂಗಳೂರಿನ ಕುಶಲ ಕಾರ್ಮಿಕರ ಪರಂಪರೆ ಎಂದು ಇವತ್ತು ನಾವು ಹೆಮ್ಮೆಯಿಂದ ಏನನ್ನು ಹೇಳುತ್ತೇವೋ ಅದರ ದೊಡ್ಡ ಭಾಗ ಈ ಹ್ಯಾಂಗರುಗಳಲ್ಲಿ ಬೆಳೆದದ್ದು. ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ 1942ರಲ್ಲಿ ಶುರುವಾದದ್ದೂ ಈ ಕಾರ್ಖಾನೆಯ ಒತ್ತಾಸೆಯಿಂದಲೇ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಓದಿ ಬಂದ ವಿಷ್ಣು ಮಾಧವ ಘಾಟಗೆಯವರು ಅದೇ ಯುದ್ಧಕಾಲದಲ್ಲಿ ಹತ್ತು ಜನ ಕೂರುವ ಒಂದು ಗ್ಲೈಡರನ್ನು ಇಲ್ಲಿ ವಿನ್ಯಾಸ ಮಾಡಿದ್ದರು.

ಯುದ್ಧ ಮುಗಿಯಿತು, ಅಮೆರಿಕನ್ನರು ಹೋದರು. ಕಾರ್ಖಾನೆಗೆ ಕೆಲಸವಿಲ್ಲದಂತಾಗಿ ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟಿ ಕಾಲ ಹಾಕಿತು. ಆದರೆ 1948ರಲ್ಲಿ ನಡೆದ ಒಂದು ಕೆಲಸವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾನ್ಪುರದ ಚಕೇರಿಯಲ್ಲಿ ಯುದ್ಧಕಾಲದ ಲಿಬರೇಟರ್ ಬಾಂಬರುಗಳು ಸಾಲಾಗಿ ಗುಜರಿಗೆ ಬಿದ್ದಿದ್ದವು. ಬೇರೆ ಯಾರೂ ಬಳಸಬಾರದೆಂದು ಅವುಗಳ ಉಪಕರಣಗಳನ್ನು ಒಡೆದು, ಎಂಜಿನ್‌ಗಳಿಗೆ ಮರಳು ಸುರಿಯಲಾಗಿತ್ತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಬಾಂಬರ್ ಕೊಳ್ಳಲು ದುಡ್ಡಿಲ್ಲ. ಎಚ್‌ಎಎಲ್‌ನ ಜನ ಅಲ್ಲಿಗೆ ಹೋಗಿ, ಒಂದರ ಅಂಗ ತೆಗೆದು ಇನ್ನೊಂದಕ್ಕೆ ಹಾಕಿ, ಹಾರಲು ಸಾಕು ಎನ್ನುವಷ್ಟು ಮಾತ್ರ ರಿಪೇರಿ ಮಾಡಿ, ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ನಾಲ್ಕು ಎಂಜಿನ್ನಿನ ಆ ಭಾರೀ ವಿಮಾನಗಳನ್ನು ಕಾರ್ಖಾನೆಯ ಟೆಸ್ಟ್ ಪೈಲಟ್ ತಂದ ರೀತಿ ಇವತ್ತಿಗೂ ವಾಯುಪಡೆಯಲ್ಲಿ ಕಥೆ. ಇಲ್ಲಿ ಹೊಸ ಜೀವ ಪಡೆದ ಆ ಲಿಬರೇಟರುಗಳು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ದುಡಿದವು.

ಇದೇ ವರ್ಷಗಳಲ್ಲಿ ರನ್‌ವೇಗೆ ಸಾಮಾನ್ಯ ಜನ ಬರತೊಡಗಿದರು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್‌ನ ಡಕೋಟಾಗಳು ಬೆಂಗಳೂರಿಗೆ ಹಾರಿದವು. ಯುದ್ಧದಲ್ಲಿ ಪ್ಯಾರಾಟ್ರೂಪರುಗಳನ್ನು ಹೊತ್ತ ಡಕೋಟಾಗಳೇ ಈಗ ಸೀಟು ಹಾಕಿಸಿಕೊಂಡು ವ್ಯಾಪಾರಿಗಳನ್ನು, ಡಾಕ್ಟರುಗಳನ್ನು, ಅಂಚೆ ಚೀಲಗಳನ್ನು ಹೊತ್ತವು. 1953ರಲ್ಲಿ ಖಾಸಗಿ ಕಂಪನಿಗಳೆಲ್ಲ ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಜಾಗ ಎಚ್‌ಎಎಲ್‌ನದು, ರನ್‌ವೇ ಎಚ್‌ಎಎಲ್‌ನದು, ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರೂ ಅವರೇ. ಟರ್ಮಿನಲ್ ಒಂದು ಮಾತ್ರ ನಾಗರಿಕ ವಿಮಾನಯಾನದವರದು. ಕಡೆಯ ದಿನದವರೆಗೂ ಇದೇ ಏರ್ಪಾಡು. ಒಂದೇ ರನ್‌ವೇಯಲ್ಲಿ ಒಮ್ಮೆ ಬೊಂಬಾಯಿಯ ಬೋಯಿಂಗು, ಅದರ ಹಿಂದೆ ಕಿರಣ್ ತರಬೇತಿ ವಿಮಾನ, ಅದರ ಹಿಂದೆ ಹೊಸ ಬಣ್ಣದ ಜಾಗ್ವಾರ್. ಬೇರೆ ಯಾವ ಊರಿನ ಪ್ರಯಾಣಿಕನಿಗೂ ಕಿಟಕಿಯಿಂದ ಇಂಥ ನೋಟ ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಟರ್ಮಿನಲ್ ಚಿಕ್ಕದು. ಆದರೆ ಅಲ್ಲಿ ಸೇರುತ್ತಿದ್ದ ಜನ ಪ್ರಯಾಣಿಕರಷ್ಟೇ ಅಲ್ಲವಲ್ಲ! ಒಬ್ಬ ಹೋಗುವವನಿದ್ದರೆ ಕಳಿಸಲು ಹದಿನೈದು ಮಂದಿ. ಅಮೆರಿಕಕ್ಕೋ ದುಬೈಗೋ ಹೋಗುವ ಹುಡುಗ ಇಲ್ಲಿಂದ ಬೊಂಬಾಯಿಯವರೆಗೆ ಹೋಗಿ ಅಲ್ಲಿ ದೊಡ್ಡ ವಿಮಾನ ಹತ್ತಬೇಕಿದ್ದ ಕಾಲ. ತುಮಕೂರಿನಿಂದ, ಮಂಡ್ಯದಿಂದ, ಚನ್ನಪಟ್ಟಣದಿಂದ ಮೆಟಡಾರ್ ವ್ಯಾನು ಮಾಡಿಕೊಂಡು ನೆಂಟರೆಲ್ಲ ಬರುತ್ತಿದ್ದರು. ಕೊರಳಿಗೆ ಸುಗಂಧರಾಜದ ಹಾರ, ಕೈಯಲ್ಲಿ ಅಜ್ಜಿ ಕೊಟ್ಟ ಮಂತ್ರಾಕ್ಷತೆಯ ಪೊಟ್ಟಣ, ಚೀಲದ ತಳದಲ್ಲಿ ಚಟ್ನಿಪುಡಿ, ಹುರಿಟ್ಟು. ಟಿಕೆಟ್ ಕೊಂಡು ಒಳಗೆ ಹೋಗಿ ನಿಂತವರು ಗಾಜಿಗೆ ಮುಖ ಒತ್ತಿ, ಮೆಟ್ಟಿಲ ಗಾಡಿ ಹತ್ತುವ ಸಾಲಿನಲ್ಲಿ ತಮ್ಮವನು ಯಾರೆಂದು ಹುಡುಕುತ್ತಿದ್ದರು. "ಅಗೋ ನೀಲಿ ಶರ್ಟು, ಅವನೇ ಕಣೇ" ಎಂದು ಒಬ್ಬರು. "ಅಲ್ಲ, ಅವನು ಆಗಲೇ ಹತ್ತಿಬಿಟ್ಟ" ಎಂದು ಇನ್ನೊಬ್ಬರು. ವಿಮಾನ ಮಾರತ್ತಹಳ್ಳಿ ಕಡೆಗೆ ಎದ್ದು ಕಣ್ಮರೆಯಾಗುವವರೆಗೂ ಯಾರೂ ಕದಲುತ್ತಿರಲಿಲ್ಲ. ಆಮೇಲೆ ಮರದ ನೆರಳಿನಲ್ಲಿ ಪುಳಿಯೋಗರೆ, ಮೊಸರನ್ನದ ಡಬ್ಬಿ ಬಿಚ್ಚುವುದು. ತಾಯಿ ಮಾತ್ರ ತಿನ್ನುತ್ತಿರಲಿಲ್ಲ.

ನಮ್ಮ ಮನೆಯಿಂದ ಹಾಗೆ ಮೊದಲು ಹೋದವಳು ಚಿಕ್ಕಮ್ಮ, ಮದುವೆಯಾಗಿ. ಆಕೆಗೆ ವಿಮಾನವೆಂದರೆ ಭಯ. ದೊಡ್ಡಪ್ಪ ಎಚ್‌ಎಎಲ್‌ನ ಓವರ್‌ಹಾಲ್ ಶಾಪಿನಲ್ಲಿ ಫಿಟ್ಟರು. ಆಕೆಯ ಕೈ ಹಿಡಿದು, "ಹೆದರಬೇಡಮ್ಮ, ಈ ಎಂಜಿನ್ನಿನ ಒಳಗೆಲ್ಲ ನಮ್ಮಂಥವರ ಕೈ ಆಡಿರುತ್ತೆ" ಎಂದರು. ಆ ಮಾತಿನಿಂದ ಆಕೆಗೆ ಎಷ್ಟು ಧೈರ್ಯ ಬಂತೋ ತಿಳಿಯದು, ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಆಕಾಶದಲ್ಲಿ ಹೋಗುವ ಪ್ರತಿ ವಿಮಾನವೂ ನಮ್ಮ ಮನೆಯದು ಎನಿಸಿಬಿಟ್ಟಿತು.

ಎಚ್‌ಎಎಲ್ ನೌಕರರ ಬಡಾವಣೆಯಾದ ವಿಮಾನಪುರದ ಮನೆಗಳಲ್ಲಿ ಇದು ಸಾಮಾನ್ಯ ಭಾವನೆ. ಬೆಳಗ್ಗೆ ಫ್ಯಾಕ್ಟರಿ ಸೈರನ್ ಕೂಗಿದರೆ ಹಾಲಿನವನಿಗೆ, ಶಾಲೆಯ ಮಕ್ಕಳಿಗೆ, ಹೂವು ಮಾರುವವಳಿಗೆ ಗಡಿಯಾರ. ಶಿಫ್ಟ್ ಬಿಟ್ಟಾಗ ಏರ್‌ಪೋರ್ಟ್ ರೋಡಿನ ತುಂಬ ಸೈಕಲ್ಲುಗಳು. ಅವುಗಳ ನಡುವೆ ಸಿಕ್ಕಿಕೊಂಡ ಟ್ಯಾಕ್ಸಿಯಲ್ಲಿ ಕೋಟು ತೊಟ್ಟ ಪ್ರಯಾಣಿಕ. ಇಬ್ಬರೂ ಒಂದೇ ರಸ್ತೆಯಲ್ಲಿ. ನವೆಂಬರ್ ಬಂದರೆ ರಾಜ್ಯೋತ್ಸವ, ಆರ್ಕೆಸ್ಟ್ರಾ, ನಾಟಕ. ಹೊಸ ವಿಮಾನದ ಮೊದಲ ಹಾರಾಟವಿದ್ದರೆ ಅದು ಗುಟ್ಟಿನ ಸಂಗತಿ. ಆದರೂ ವಿಮಾನಪುರದ ಅಡುಗೆಮನೆಗಳಿಗೆಲ್ಲ ಹೇಗೋ ಸುದ್ದಿ ಮುಟ್ಟಿ ತಾರಸಿಗಳ ಮೇಲೆ ಜನ ನಿಂತಿರುತ್ತಿದ್ದರು.

ಅಂಥ ತಾರಸಿಗಳು ಕಂಡದ್ದೇನು ಕಡಿಮೆಯೇ? 1951ರಲ್ಲಿ ಘಾಟಗೆಯವರ ಎಚ್‌ಟಿ-2, ನಮ್ಮ ದೇಶದಲ್ಲೇ ವಿನ್ಯಾಸಗೊಂಡು ಸಾಲಾಗಿ ತಯಾರಾದ ತರಬೇತಿ ವಿಮಾನ. 1956ರಲ್ಲಿ ಜರ್ಮನಿಯ ಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದರು, ಮಾರುತ ಎಂಬ ಜೆಟ್ ಯುದ್ಧವಿಮಾನದ ಕೆಲಸ ಹಿಡಿದರು. ಜೆಟ್ಟಿಗೆ ಮೊದಲು ಅದೇ ಆಕಾರದ ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾದ ಹಿಂದೆ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟು ಪರೀಕ್ಷಿಸಿದರು. ಯುದ್ಧದ ಹಳೆಯ ಸರಕು ಸಾಗಣೆ ವಿಮಾನವೊಂದು ಹೊಸ ದೇಶದ ಜೆಟ್ಟಿನ ಮರದ ರೂಪವನ್ನು ಹಿಂದೆ ಕಟ್ಟಿಕೊಂಡು ಹಲಸೂರು, ದೊಮ್ಮಲೂರುಗಳ ಆಚೆ ಏರುತ್ತಿದ್ದ ಆ ನೋಟವನ್ನು ನಾನು ಕಾಣಲಿಲ್ಲ, ಕಂಡವರಿಂದ ಕೇಳಿ ಬೆಳೆದೆ. 1961ರ ಜೂನಿನಲ್ಲಿ ಮಾರುತ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಅದಕ್ಕೆ ಬೇಕಾದಷ್ಟು ಶಕ್ತಿಯ ಎಂಜಿನ್ ಕಡೆಗೂ ಸಿಗಲಿಲ್ಲ. ಆದರೂ 1971ರಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಅದು ಹೋರಾಡಿತು. ಆ ಹೊತ್ತಿಗೆ ದಾಸ್ ಇರಲಿಲ್ಲ. 1970ರ ಜನವರಿಯಲ್ಲಿ ಇದೇ ರನ್‌ವೇಯಿಂದ ಮಾರುತವನ್ನು ಏರಿಸುವಾಗಲೇ ಅಪಘಾತವಾಗಿ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಏರ್‌ಪೋರ್ಟ್ ರಸ್ತೆಗೆ ಬರುವ ದಾರಿಗೆ ಅವರ ಹೆಸರಿದೆ. ಆ ರಸ್ತೆಯ ಅಂಗಡಿಗಳಲ್ಲಿ, ಬಸ್ ಸ್ಟಾಪಿನಲ್ಲಿ ನಿಂತವರನ್ನು ಕೇಳಿ ನೋಡಿದ್ದೇನೆ. ಯಾರೋ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರಿರಬೇಕು ಎಂದರು ಒಬ್ಬರು. ಉಳಿದವರಿಗೆ ಆ ಹೆಸರು ಬರೀ ವಿಳಾಸ.

ದುಃಖದ ದಿನ ಇನ್ನೊಂದಿದೆ, ಅದನ್ನು ಬಿಟ್ಟು ಈ ನಿಲ್ದಾಣದ ಕಥೆ ಹೇಳಲಾಗದು. 1990ರ ಫೆಬ್ರವರಿ 14. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಏರ್‌ಬಸ್ ಎ-320 ಇನ್ನೇನು ಇಳಿಯಬೇಕು, ಚಲ್ಲಘಟ್ಟದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಉಳಿಯಲಿಲ್ಲ. ರನ್‌ವೇ ಕಣ್ಣಳತೆಯಲ್ಲಿತ್ತು. ಆ ಮಧ್ಯಾಹ್ನದ ಹೊಗೆಯನ್ನು ಕಂಡವರು ಈ ಭಾಗದಲ್ಲಿ ಈಗಲೂ ಇದ್ದಾರೆ. ಪ್ರೇಮಿಗಳ ದಿನ ಎಂದು ಊರು ಸಂಭ್ರಮಿಸುವಾಗ ಅವರಿಗೆ ಬೇರೆಯೇ ನೆನಪು.

ಮುಂದಿನದೆಲ್ಲ ವೇಗವಾಗಿ ಆಯಿತು. ಸಾಫ್ಟ್‌ವೇರ್ ಬಂತು, ಊರು ಉಬ್ಬಿತು. ವಿದೇಶದ ವಿಮಾನಗಳು ನೇರವಾಗಿ ಇಲ್ಲಿಗೇ ಬರತೊಡಗಿದವು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿ, ಅಲ್ಲಿಯವರೆಗೆ ಗಾಜಿನ ಈಚೆಗೆ ನಿಂತು ಕೈಬೀಸುತ್ತಿದ್ದವರನ್ನು ಗಾಜಿನ ಆಚೆಗೆ ದಾಟಿಸಿದರು. ಮೊದಲ ಸಲ ವಿಮಾನ ಹತ್ತುವ ರೈತರು, ಪಂಚೆಯುಟ್ಟ ತಾತಂದಿರು, ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಯರು ಆ ಟರ್ಮಿನಲ್ಲಿನಲ್ಲಿ ಕಂಡರು. ನಿಲ್ದಾಣದ ಬಾಳಿನಲ್ಲಿ ಅದು ಅತ್ಯಂತ ಸುಂದರವಾದ ಕಾಲ. ಅತ್ಯಂತ ಕಷ್ಟದ ಕಾಲವೂ ಅದೇ. ವಿಮಾನ ನಿಲ್ಲಿಸಲು ಜಾಗ ಸಾಲದು, ಒಳಗೆ ಕೂರಲು ಕುರ್ಚಿ ಸಾಲದು, ಹೊರಗೆ ರಸ್ತೆ ಸಾಲದು. ಕೊನೆಯ ವರ್ಷದಲ್ಲಿ ಸುಮಾರು ಒಂದು ಕೋಟಿ ಜನ ಓಡಾಡಿದರು. ಸುತ್ತಲೂ ಮನೆ, ಕಾರ್ಖಾನೆ, ಗಾಲ್ಫ್ ಮೈದಾನ. ಹಿಗ್ಗಲು ದಾರಿಯೇ ಇಲ್ಲ. ಬೇರೆ ಜಾಗ ಬೇಕು ಎಂದು 1991ರಲ್ಲೇ ಸಮಿತಿ ಕೂತು ದೇವನಹಳ್ಳಿಯತ್ತ ಬೆರಳು ತೋರಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡ ಊರಿಗೆ ದೊಡ್ಡ ನಿಲ್ದಾಣ ಬೇಕೇ ಬೇಕಿತ್ತು, ಈಗಿನ ಕೆಂಪೇಗೌಡ ನಿಲ್ದಾಣವನ್ನು ನೋಡಿದರೆ ನನಗೂ ಸಂತೋಷವೇ.

ಆದರೆ ಹೊಸದು ತೆರೆಯಲು ಹಳೆಯದು ಪೂರ್ತಿ ಮುಚ್ಚಲೇಬೇಕಿತ್ತೇ? 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ದೇವನಹಳ್ಳಿ ನಿಲ್ದಾಣದ ಹೊಸ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, ಅದು ತೆರೆದ ದಿನದಿಂದ 25 ವರ್ಷ ಕಾಲ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣಕ್ಕೆ ಅವಕಾಶವಿಲ್ಲ ಎಂಬ ಷರತ್ತು ಸೇರಿತು. ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. ಆ ಸಾಲು ಬರೆಯುವಾಗ ಊರಿನಲ್ಲಿ ಎಷ್ಟು ಜನಕ್ಕೆ ಅದರ ಅರ್ಥ ತಿಳಿದಿತ್ತು? ನಾಲ್ಕು ವರ್ಷದ ಮೇಲೆ, ಮುಚ್ಚುವ ದಿನ ಹತ್ತಿರವಾದಾಗ, ಜನ ಬೀದಿಗಿಳಿದರು. ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2008ರ ಮಾರ್ಚಿನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಮುಷ್ಕರ ಹೂಡಿದರು. ಅದೇ ತಿಂಗಳು ಹೈದರಾಬಾದಿನ ಬೇಗಂಪೇಟೆ ನಿಲ್ದಾಣವೂ ಹೀಗೇ ಮುಚ್ಚಿತು. ಬೆಂಗಳೂರಿನ ದಿನ ಒಂದೆರಡು ಸಲ ಮುಂದೆ ಹೋಯಿತು, ಅಷ್ಟೇ. ಮೇ 23ರ ರಾತ್ರಿ ಹಳೆಯ ನಿಲ್ದಾಣದಿಂದ ಕಡೆಯ ಪ್ರಯಾಣಿಕ ವಿಮಾನ ಹೊರಟಿತು, ಬ್ಯಾಗು ಸಾಗಿಸುವ ಗಾಡಿ, ಏಣಿ, ಟ್ರಾಕ್ಟರುಗಳೆಲ್ಲ ಸಾಲಾಗಿ ಬಳ್ಳಾರಿ ರಸ್ತೆ ಹಿಡಿದವು. ರಾಜ್ಯದಲ್ಲಿ ಅದು ಚುನಾವಣೆಯ ಸಮಯ, 25ರಂದು ಫಲಿತಾಂಶ. ಊರಿಗೆ ಊರೇ ಮತ ಎಣಿಕೆಯ ಗುಂಗಿನಲ್ಲಿತ್ತು. ಅರುವತ್ತು ವರ್ಷ ಸೇವೆ ಮಾಡಿದ ನಿಲ್ದಾಣಕ್ಕೆ ಒಂದು ನಮಸ್ಕಾರ ಹೇಳಲೂ ಯಾರಿಗೂ ಪುರುಸೊತ್ತಾಗಲಿಲ್ಲ.

ಮರುದಿನದಿಂದ ಎದ್ದು ಕಂಡದ್ದು ಮೌನ. ಮುರುಗೇಶಪಾಳ್ಯದಲ್ಲಿ, ಕೋಡಿಹಳ್ಳಿಯಲ್ಲಿ ವಿಮಾನ ತಲೆಯ ಮೇಲೆ ಹಾದಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಅದೇ ವಾಕ್ಯವನ್ನು ಮುಂದುವರಿಸುವುದು ಅದುವರೆಗೆ ಎಲ್ಲರಿಗೂ ರೂಢಿಯಾಗಿತ್ತು. ಟೀವಿಯ ಕ್ರಿಕೆಟ್ ಕಾಮೆಂಟರಿ ನಡುವೆ ನಾಲ್ಕು ಪದ ನುಂಗಿಹೋಗುತ್ತಿತ್ತು, ಯಾರೂ ಬೇಸರಿಸುತ್ತಿರಲಿಲ್ಲ. ದೊಡ್ಡಪ್ಪ ಸದ್ದಿನಿಂದಲೇ ವಿಮಾನ ಹೇಳುತ್ತಿದ್ದರು. ಕಣ್ಣು ಮುಚ್ಚಿ ಆರಾಮಕುರ್ಚಿಯಲ್ಲಿ ಕೂತಿದ್ದವರು, "ಇದು ಆವ್ರೋ... ಇದು ಏರ್‌ಬಸ್ಸು... ಇದು ನಮ್ಮ ಕಿರಣ್" ಎನ್ನುತ್ತಿದ್ದರು. ನಿಲ್ದಾಣ ಮುಚ್ಚಿದ ಮೇಲೂ ಅವರ ಕಿವಿಗೆ ಕೆಲಸ ತಪ್ಪಲಿಲ್ಲ, ಎಚ್‌ಎಎಲ್ ವಿಮಾನಗಳು ಹಾರುತ್ತಲೇ ಇದ್ದವಲ್ಲ. ಆದರೆ ಸಂಜೆಯ ಹೊತ್ತು, ಡೆಲ್ಲಿ ಫ್ಲೈಟು ಬರುತ್ತಿದ್ದ ಸಮಯಕ್ಕೆ, ಒಂದು ಕ್ಷಣ ತಲೆ ಎತ್ತುತ್ತಿದ್ದರು. ನಿವೃತ್ತಿಯಾದ ಆ ಪೀಳಿಗೆಯವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ರಿವೆಟ್ಟಿನ ತಲೆಯ ಮೇಲೆ ಬೆರಳಾಡಿಸಿ ಸರಿಯಾಗಿ ಕೂತಿದೆಯೇ ಇಲ್ಲವೇ ಎಂದು ಹೇಳುತ್ತಿದ್ದ ಆ ಬೆರಳುಗಳು, ಎಂಜಿನ್ನಿನ ಏರಿಳಿತದಲ್ಲಿ ರೋಗ ಗುರುತಿಸುತ್ತಿದ್ದ ಆ ಕಿವಿಗಳು ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ.

ರಸ್ತೆಯ ಹೆಸರು ಈಗ ಹಳೇ ಏರ್‌ಪೋರ್ಟ್ ರೋಡ್. ಮಾರತ್ತಹಳ್ಳಿ ಕಡೆಗೆ ಹೋಗುವ ಬಸ್ಸು ಹತ್ತಿದರೆ ಕಂಡಕ್ಟರು ಈಗಲೂ "ಏರ್‌ಪೋರ್ಟ್, ಎಚ್‌ಎಎಲ್" ಎಂದು ಕೂಗುತ್ತಾನೆ. ಹೊಸದಾಗಿ ಊರಿಗೆ ಬಂದ ಹುಡುಗರು ಗಾಬರಿಯಿಂದ ಮೊಬೈಲು ನೋಡುತ್ತಾರೆ, ಏರ್‌ಪೋರ್ಟು ಆ ಕಡೆ ಇದೆಯಲ್ಲ ಎಂದು. ರಸ್ತೆಯ ಒಂದು ಬದಿಗೆ ಎಚ್‌ಎಎಲ್ ತನ್ನ ವಸ್ತುಸಂಗ್ರಹಾಲಯವನ್ನು 2001ರಿಂದ ನಡೆಸಿಕೊಂಡು ಬಂದಿದೆ. ಮಾರುತ ಇದೆ, ಎಚ್‌ಟಿ-2 ಇದೆ, ಮರಗಳಿವೆ, ಭಾನುವಾರ ಮಕ್ಕಳು ಬರುತ್ತಾರೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಸಮಾಧಾನವಾಗುತ್ತದೆ, ಕಾರ್ಖಾನೆ ತನ್ನ ಕಥೆಯನ್ನು ಕಾಪಾಡಿಕೊಂಡಿದೆ. ನಿಲ್ದಾಣದ ಕಥೆಯನ್ನು ಕಾಪಾಡುವವರು ಯಾರು? ಗಾಜಿಗೆ ಮುಖ ಒತ್ತಿ ನಿಂತ ತಾಯಂದಿರದು, ಮೊದಲ ಸಲ ವಿಮಾನ ಹತ್ತಿದ ತಾತನದು, ಕ್ಯಾಟಲಿನಾ ಇಳಿಯುವುದನ್ನು ದಡದಲ್ಲಿ ದನ ಮೇಯಿಸುತ್ತ ನೋಡಿದ ಬೆಳ್ಳಂದೂರಿನ ಹುಡುಗನದು? ಆ ಕೆರೆಯ ಏರಿಯ ಮೇಲೆ ಒಂದು ಫಲಕ ಹಾಕಲು ಎಷ್ಟು ಖರ್ಚು?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದು ಸತ್ತ ಜಾಗವಲ್ಲ. 2001ರ ಜನವರಿ 4ರಂದು ತೇಜಸ್ ಮೊದಲು ಹಾರಿದ್ದು ಈ ನೆಲದಿಂದ, ರಾಜೀವ್ ಕೊಥಿಯಾಲ್ ಅವರ ಕೈಯಲ್ಲಿ. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ವಿಜ್ಞಾನಿಗಳನ್ನು ಕಾಣಲು ಬಂದ ಪ್ರಧಾನಿ ಇಳಿದದ್ದೂ ಇಲ್ಲೇ. ಅಂದು ಬೆಳಗ್ಗೆ ನಿಲ್ದಾಣದ ಹೊರಗೆ ಜನ ಸೇರಿದ್ದನ್ನು ಟೀವಿಯಲ್ಲಿ ಕಂಡಾಗ ನನ್ನ ಎದೆ ತುಂಬಿತು. ಎಷ್ಟೋ ವರ್ಷಗಳ ಮೇಲೆ ಆ ಗೇಟಿನ ಮುಂದೆ ಕೈಬೀಸುವ ಜನ! 3,300 ಮೀಟರ್ ಉದ್ದದ ಒಳ್ಳೆಯ ರನ್‌ವೇ, ಊರಿನ ನಡುವೆ, ದಿನವೂ ಬಳಕೆಯಲ್ಲಿದೆ. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಚಿಕ್ಕ ವಿಮಾನದಲ್ಲಿ ಒಂದು ಗಂಟೆಗೆ ಬಂದಿಳಿದವರು, ದೇವನಹಳ್ಳಿಯಿಂದ ಜಯನಗರಕ್ಕೋ ಸರ್ಜಾಪುರಕ್ಕೋ ಹೋಗಲು ಅದಕ್ಕಿಂತ ಹೆಚ್ಚು ಹೊತ್ತು ಕಾರಿನಲ್ಲಿ ಕೂರುತ್ತಾರೆ. ದೊಡ್ಡ ವಿಮಾನಗಳು ದೇವನಹಳ್ಳಿಗೇ ಹೋಗಲಿ. ಕಲಬುರಗಿ, ಬೀದರ್, ಬೆಳಗಾವಿ, ಮೈಸೂರಿನ ಚಿಕ್ಕ ವಿಮಾನಗಳಿಗಾದರೂ ಈ ಬಾಗಿಲು ತೆರೆದಿದ್ದರೆ ಕರ್ನಾಟಕದ ಊರುಗಳೆಲ್ಲ ರಾಜಧಾನಿಗೆ ಎಷ್ಟು ಹತ್ತಿರವಾಗುತ್ತಿದ್ದವು!

ಷರತ್ತಿನ 25 ವರ್ಷ 2033ಕ್ಕೆ ಮುಗಿಯುತ್ತದೆ. ಆಗ ಮತ್ತೆ ಈ ವಿಷಯ ಚರ್ಚೆಗೆ ಬರುತ್ತದೆ, ಬರಲಿ, ನಾನಂತೂ ಎದುರು ನೋಡುತ್ತಿದ್ದೇನೆ. ಆದರೆ ಆ ವೇಳೆಗೆ ಲಿಬರೇಟರುಗಳಿಗೆ ಜೀವ ಕೊಟ್ಟವರು ಯಾರೂ ಇರುವುದಿಲ್ಲ. ಮಾರುತ ಕಟ್ಟಿದವರು ಬೆರಳೆಣಿಕೆಯಷ್ಟು ಉಳಿದಿರಬಹುದು. ವಿಮಾನಪುರದ, ಯಮಲೂರಿನ, ಬೆಳ್ಳಂದೂರಿನ ಹಿರಿಯರ ಮನೆಗೆ ಹೋಗಿ ಅವರ ಮಾತನ್ನು ಬರೆದುಕೊಳ್ಳಲು, ಅವರ ಹಳೆಯ ಫೋಟೋಗಳನ್ನು ನಕಲು ಮಾಡಿಕೊಳ್ಳಲು ಯಾವ ಒಪ್ಪಂದವೂ ಅಡ್ಡ ಬರುವುದಿಲ್ಲ. ಆ ಕೆಲಸ ಈ ವರ್ಷವೇ ಶುರುವಾಗಬೇಕು.